ಪರದೆಯ ಮೇಲಿನ ಬೆಳಕು, ಪರದೆಯ ಹಿಂದಿನ ದನಿ

ಸಿನಿಮಾ ಒಂದು ಪೂರ್ತಿಯಾಗುವುದು ಎರಡು ಕತ್ತಲೆ ಕೋಣೆಗಳಲ್ಲಿ. ಒಂದರಲ್ಲಿ ನಿರ್ದೇಶಕ, ಛಾಯಾಗ್ರಾಹಕ ಮತ್ತು ಕಲರಿಸ್ಟ್ ಕೂತು ಪ್ರತಿ ಶಾಟ್‌ನ ಬೆಳಕು, ಬಣ್ಣಗಳನ್ನು ಹದಕ್ಕೆ ತರುತ್ತಾರೆ. ಇನ್ನೊಂದರಲ್ಲಿ ಮಾತು, ಸಂಗೀತ, ಹೆಜ್ಜೆಯ ಸಪ್ಪಳ, ಮಳೆಯ ಸದ್ದು ಯಾವುದೆಷ್ಟಿರಬೇಕು ಎಂದು ಸೌಂಡ್ ಮಿಕ್ಸಿಂಗ್ ಮಾಡುವವರು ತೀರ್ಮಾನಿಸುತ್ತಾರೆ. ಅಲ್ಲಿ ಅವರು ಕಂಡದ್ದು, ಕೇಳಿದ್ದು ಊರೂರಿನ ಚಿತ್ರಮಂದಿರದ ಕೊನೆಯ ಸಾಲಿನವರಿಗೂ ಹಾಗೆಯೇ ಮುಟ್ಟಿದರೆ ಅದು ಒಳ್ಳೆಯ ಪ್ರದರ್ಶನ. ಚಿತ್ರಮಂದಿರದ್ದು ಅಂಚೆಯವನ ಕೆಲಸ. ಕಾಗದ ಬರೆದವರು ಬೇರೆ, ಓದುವವರು ಬೇರೆ; ನಡುವಿನವನು ಅಕ್ಷರ ಅಳಿಸುವಂತಿಲ್ಲ, ಸೇರಿಸುವಂತೆಯೂ ಇಲ್ಲ. ಈ ಸರಳ ಕೆಲಸ ಎಷ್ಟು ಕಡೆ ಎಡವಬಹುದು, ಎಡವದಂತೆ ಏನೇನು ಕಟ್ಟುಪಾಡುಗಳಿವೆ ಎಂಬುದೇ ಈ ಲೇಖನದ ವಿಷಯ.

ಎರಡು ಅಂಕಿಗಳು: 48 ಮತ್ತು 85

ಪ್ರದರ್ಶನದ ಗುಣಮಟ್ಟವನ್ನು ಅಳೆಯಲು ಜಗತ್ತಿನಾದ್ಯಂತ ಒಪ್ಪಿತವಾದ ಎರಡು ಅಂಕಿಗಳಿವೆ. ಮೊದಲನೆಯದು ಬೆಳಕಿನದು. ಪೂರ್ತಿ ಬಿಳಿಯ ಚಿತ್ರವನ್ನು ಹಾಕಿದಾಗ ಪರದೆಯ ನಡುವೆ 48 ನಿಟ್ ಹೊಳಪಿರಬೇಕು. ನಿಟ್ ಎಂದರೆ ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ. ಹಳೆಯ ಅಳತೆಯಲ್ಲಿ ಇದೇ 14 ಫುಟ್-ಲ್ಯಾಂಬರ್ಟ್. ನಮ್ಮ ಮೊಬೈಲ್ ಪರದೆಗಳು ಹಲವು ನೂರು ನಿಟ್ ಬೆಳಗುತ್ತವೆ. ಅದರೆದುರು 48 ಎಂಬುದು ಮಿಣುಕು ದೀಪ. ಆದರೆ ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಅಷ್ಟೇ ಬೆಳಕು ಮಟಮಟ ಮಧ್ಯಾಹ್ನದಂತೆ ಕಾಣಬಲ್ಲದು. ಅದಕ್ಕೇ ಸಭಾಂಗಣದ ಕತ್ತಲೆಯೂ ಪ್ರದರ್ಶನದ ಸಲಕರಣೆಗಳಲ್ಲೊಂದು.

ಎರಡನೆಯದು ಸದ್ದಿನದು. ಎಲ್ಲ ಕಂಪನಗಳೂ ಹದವಾಗಿ ಬೆರೆತ 'ಪಿಂಕ್ ನಾಯ್ಸ್' ಎಂಬ ಪರೀಕ್ಷಾ ಸದ್ದನ್ನು ಗೊತ್ತುಪಡಿಸಿದ ಮಟ್ಟದಲ್ಲಿ ಹಾಕಿದಾಗ, ಪರದೆಯ ಹಿಂದಿನ ಒಂದೊಂದು ಸ್ಪೀಕರೂ ಸಭಾಂಗಣದ ಸುಮಾರು ಮೂರನೇ ಎರಡರಷ್ಟು ಹಿಂದಿನ ಸೀಟಿನಲ್ಲಿ 85 ಡೆಸಿಬೆಲ್ ತೋರಿಸಬೇಕು. 5.1 ಪದ್ಧತಿಯಲ್ಲಿ ಎಡ, ಬಲ ಗೋಡೆಗಳ ಸರೌಂಡ್ ಸಾಲುಗಳಿಗೆ ಇದು 82. ಈ ಮಟ್ಟದ ಮೇಲೆ ಇನ್ನೂ 20 ಡೆಸಿಬೆಲ್ ಜಾಗವಿರುತ್ತದೆ. ಎಂದರೆ ಗುಡುಗು, ಸ್ಫೋಟಗಳಲ್ಲಿ ಒಂದು ಸ್ಪೀಕರಿನ ಸದ್ದು 105ರವರೆಗೆ ಏರಬಹುದು.

ಬಣ್ಣ ಹೊಂದಿಸುವ ಕೋಣೆಯಲ್ಲೂ 48, ಮಿಕ್ಸಿಂಗ್ ಕೋಣೆಯಲ್ಲೂ 85. ಕಳಿಸುವ ಕಡೆಯ ಸೇರಿಗೂ ಪಡೆಯುವ ಕಡೆಯ ಸೇರಿಗೂ ವ್ಯತ್ಯಾಸವಿಲ್ಲದಿದ್ದರೆ ಅಳತೆ ತಪ್ಪುವ ಮಾತೇ ಬರುವುದಿಲ್ಲ.

ದೀಪದ ಕಥೆ: ಕಾರ್ಬನ್, ಕ್ಸೆನಾನ್, ಲೇಸರ್

ಸುಮಾರು ಅರ್ಧ ಶತಮಾನ ಕಾಲ ಸಿನಿಮಾ ನಡೆದದ್ದು ಕಾರ್ಬನ್ ಆರ್ಕ್ ದೀಪದಲ್ಲಿ. ಎದುರುಬದುರಾಗಿ ಹಿಡಿದ ಎರಡು ಕಾರ್ಬನ್ ಕಡ್ಡಿಗಳ ನಡುವಿನ ಕಿರಿದಾದ ಜಾಗದಲ್ಲಿ ವಿದ್ಯುತ್ತು ಹಾಯ್ದು ಕಣ್ಣು ಕೋರೈಸುವ ಬಿಳಿ ಬೆಳಕು ಹೊಮ್ಮುತ್ತಿತ್ತು. ಉರಿದಂತೆಲ್ಲ ಕಡ್ಡಿ ಸವೆಯುತ್ತಿತ್ತು, ಅವುಗಳ ನಡುವಿನ ಅಂತರ ಹೆಚ್ಚುತ್ತಿತ್ತು. ಆಪರೇಟರ್ ಅದನ್ನು ಸರಿಹೊಂದಿಸುತ್ತಲೇ ಇರಬೇಕಿತ್ತು. ಅವನ ಗಮನ ಅತ್ತಿತ್ತ ಹೋದರೆ ನಾಯಕಿಯ ಮುಖ ಕಂದುಬಣ್ಣಕ್ಕೆ ತಿರುಗುತ್ತಿತ್ತು.

1950ರ ದಶಕದಲ್ಲಿ ಜರ್ಮನಿಯಲ್ಲಿ ಕ್ಸೆನಾನ್ ದೀಪಗಳು ಸಿನಿಮಾಕ್ಕೆ ಬಂದವು. ದಪ್ಪ ಗಾಜಿನ ಬುರುಡೆಯೊಳಗೆ ಅಧಿಕ ಒತ್ತಡದಲ್ಲಿ ತುಂಬಿದ ಕ್ಸೆನಾನ್ ಅನಿಲದಲ್ಲಿ ಆರ್ಕ್ ಹೊತ್ತುತ್ತದೆ. ಬೆಳಕು ಹಗಲಿನ ಬಣ್ಣಕ್ಕೆ ಹತ್ತಿರ, ಹಾಗೂ ಸ್ಥಿರ. ತಣ್ಣಗಿರುವಾಗಲೂ ಒಳಗಿನ ಒತ್ತಡ ಹೆಚ್ಚೇ ಇರುವುದರಿಂದ ಬಲ್ಬು ಸಿಡಿಯುವ ಭಯವಿದೆ. ಬದಲಿಸುವಾಗ ಮುಖಕ್ಕೆ ಕವಚ, ಕೈಗೆ ದಪ್ಪ ಗವಸು ಬೇಕೇ ಬೇಕು. ವಯಸ್ಸಾದಂತೆ ಇದರ ಬೆಳಕು ಇಳಿಯುತ್ತದೆ, ಮಿಣುಕುವುದೂ ಉಂಟು. ನಿಗದಿಯಾದ ಗಂಟೆಗಳು ಮುಗಿದರೂ ಖರ್ಚು ಉಳಿಸಲು ಅದೇ ಬಲ್ಬನ್ನು ಎಳೆದಾಡುವುದು ಮಬ್ಬು ಚಿತ್ರಕ್ಕೆ ತೀರಾ ಸಾಮಾನ್ಯ ಕಾರಣ.

ಈಗಿನದು ಲೇಸರ್ ಕಾಲ. ಕೆಲವು ಯಂತ್ರಗಳಲ್ಲಿ ನೀಲಿ ಲೇಸರ್ ಒಂದು ಫಾಸ್ಫರ್ ಚಕ್ರಕ್ಕೆ ಬಡಿದು ಉಳಿದ ಬಣ್ಣಗಳು ಹುಟ್ಟುತ್ತವೆ. ಮೇಲ್ದರ್ಜೆಯವುಗಳಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಲೇಸರ್‌ಗಳೇ ಇರುತ್ತವೆ. ಬಣ್ಣಗಳ ವ್ಯಾಪ್ತಿ ದೊಡ್ಡದು, ಆಯುಷ್ಯ ಹತ್ತಾರು ಸಾವಿರ ಗಂಟೆ. ಶುದ್ಧ ಲೇಸರ್ ಬೆಳಕಿಗೆ ಒಂದು ಕೊರತೆಯೂ ಇದೆ. ಪರದೆಯ ಮೇಲೆ ರವೆ ಚೆಲ್ಲಿದಂಥ ಸಣ್ಣ ಮಿನುಗು ಕಾಣಿಸಬಹುದು. ಅದನ್ನು ಅಡಗಿಸಲು ಕೆಲವೆಡೆ ಪರದೆಯನ್ನೇ ಅತಿ ಸೂಕ್ಷ್ಮವಾಗಿ ನಡುಗಿಸುತ್ತಾರೆ.

ದೀಪ ಎಷ್ಟು ದೊಡ್ಡದಿರಬೇಕೆಂಬ ಲೆಕ್ಕ ಸುಲಭ. 15 ಮೀಟರ್ ಅಗಲದ ಸಿನಿಮಾಸ್ಕೋಪ್ ಪರದೆಯ ವಿಸ್ತೀರ್ಣ ಸುಮಾರು 94 ಚದರ ಮೀಟರ್. ಬೆಳಕನ್ನು ಎಲ್ಲ ಕಡೆಗೂ ಸಮವಾಗಿ ಚೆಲ್ಲುವ ಬಿಳಿ ಪರದೆಯಾದರೆ, 48 ನಿಟ್ ಬರಲು ಸುಮಾರು 14,200 ಲ್ಯೂಮೆನ್ ಬೆಳಕು ಪರದೆಗೆ ಮುಟ್ಟಬೇಕು. ಅದೇ ಪ್ರೊಜೆಕ್ಟರ್ ಇಟ್ಟುಕೊಂಡು ಪರದೆಯನ್ನು ಮಾತ್ರ 20 ಮೀಟರಿಗೆ ಹಿಗ್ಗಿಸಿದರೆ ಹೊಳಪು 27 ನಿಟ್‌ಗೆ ಇಳಿಯುತ್ತದೆ. 'ಊರಿಗೇ ದೊಡ್ಡ ಪರದೆ' ಎಂಬ ಫಲಕದ ಹಿಂದೆ ಈ ಭಾಗಾಕಾರ ಅಡಗಿರುತ್ತದೆ.

ರೀಲಿನ ಕಾಲದ ಯಂತ್ರ

35 ಮಿಲಿಮೀಟರ್ ಫಿಲ್ಮಿನಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಆದರೆ ಫಿಲ್ಮ್ ಸುಮ್ಮನೆ ಹರಿದುಹೋದರೆ ಕಾಣುವುದು ಬರೀ ಕಲಸುಮೇಲೋಗರ. ಪ್ರತಿ ಚಿತ್ರವೂ ಲೆನ್ಸಿನ ಹಿಂದೆ ಕ್ಷಣಕಾಲ ನಿಲ್ಲಬೇಕು, ಮುಂದಿನದು ಸರಿಯುವಾಗ ಬೆಳಕು ಮುಚ್ಚಿರಬೇಕು. ನಿಲ್ಲಿಸಿ ಎಳೆಯುವ ಕೆಲಸ ಶಿಲುಬೆಯಾಕಾರದ ಚಕ್ರವೊಂದರದು. ಇದನ್ನು ಮಾಲ್ಟೀಸ್ ಕ್ರಾಸ್ ಎನ್ನುತ್ತಾರೆ. ಮುಚ್ಚಿ ತೆರೆಯುವುದು ಷಟರ್. ಇಪ್ಪತ್ನಾಲ್ಕೇ ಸಲ ಮುಚ್ಚಿದರೆ ಕಣ್ಣಿಗೆ ಮಿಣುಕು ಹೊಡೆಯುವುದರಿಂದ ಷಟರಿಗೆ ಎರಡು ರೆಕ್ಕೆಯಿಟ್ಟು, ಒಂದೇ ಚಿತ್ರವನ್ನು ಎರಡು ಸಲ ತೋರಿಸಿ ಸೆಕೆಂಡಿಗೆ 48 ಮಿಂಚು ಮಾಡಿದರು.

ಎರಡು ಸಾವಿರ ಅಡಿಯ ರೀಲು ಸುಮಾರು 22 ನಿಮಿಷ ಓಡುತ್ತದೆ. ಆದ್ದರಿಂದ ಕ್ಯಾಬಿನ್ನಿನಲ್ಲಿ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ರೀಲು ಮುಗಿಯುವ ಹೊತ್ತಿಗೆ ಚಿತ್ರದ ಬಲ ಮೇಲ್ಮೂಲೆಯಲ್ಲಿ ಕಾಣುವ ದುಂಡನೆಯ ಚುಕ್ಕೆ ಆಪರೇಟರಿಗೆ ಸನ್ನೆ. ಮೊದಲ ಚುಕ್ಕೆಗೆ ಎರಡನೇ ಯಂತ್ರ ಚಾಲೂ, ಎರಡನೇ ಚುಕ್ಕೆಗೆ ಬೆಳಕು ಬದಲು. ಇದು ಗೊತ್ತಿಲ್ಲದ ಪ್ರೇಕ್ಷಕನಿಗೆ ಏನೂ ಆಗಿಲ್ಲವೆಂದೇ ಅನಿಸಬೇಕು. ಅದೇ ಆಪರೇಟರ್ ಕೈಚಳಕ.

ಪ್ರಿಂಟ್ ಓಡಿದಷ್ಟೂ ಗೀರು ಬೀಳುತ್ತದೆ. ಬೆಂಗಳೂರಿನಲ್ಲಿ ಹತ್ತಿಪ್ಪತ್ತು ವಾರ ಓಡಿದ ಪ್ರಿಂಟು ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ, ಕಡೆಗೆ ಹೋಬಳಿಯ ಟೆಂಟಿಗೆ ಬರುವ ಹೊತ್ತಿಗೆ ಬಿಸಿಲಿನ ದೃಶ್ಯದಲ್ಲೂ ಮಳೆ ಸುರಿಯುತ್ತಿತ್ತು. ಅದನ್ನು ಪ್ರೇಕ್ಷಕರು 'ಮಳೆ' ಎಂದೇ ಕರೆಯುತ್ತಿದ್ದರು.

ಡಿಜಿಟಲ್: ಕನ್ನಡಿಗಳ ಕುಣಿತ

2002ರಲ್ಲಿ ಹಾಲಿವುಡ್ಡಿನ ಏಳು ದೊಡ್ಡ ಸ್ಟುಡಿಯೋಗಳು ಸೇರಿ ಡಿಸಿಐ ಎಂಬ ಒಕ್ಕೂಟ ಕಟ್ಟಿಕೊಂಡವು. 2005ರಲ್ಲಿ ಅದು ಹೊರತಂದ ನಿಯಮಾವಳಿಯೇ ಇಂದಿನ ಡಿಜಿಟಲ್ ಸಿನಿಮಾದ ಅಡಿಪಾಯ. ಅದರ ಪ್ರಕಾರ ಚಿತ್ರ 2ಕೆ (2048×1080) ಅಥವಾ 4ಕೆ (4096×2160) ಅಳತೆಯದು. ಪ್ರತಿ ಫ್ರೇಮನ್ನೂ ಜೆಪೆಗ್ 2000 ಪದ್ಧತಿಯಲ್ಲಿ ಬಿಡಿಬಿಡಿಯಾಗಿ ಅಡಕ ಮಾಡಿ, ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ ದತ್ತಾಂಶ ಕೊಡಬಹುದು. ಬಣ್ಣದ ಒಂದೊಂದು ಘಟಕಕ್ಕೂ 12 ಬಿಟ್, ಎಂದರೆ 4,096 ಮೆಟ್ಟಿಲು. ಮೆಟ್ಟಿಲು ಹೆಚ್ಚಿದ್ದಷ್ಟೂ ಮುಸ್ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುವುದು ತಪ್ಪುತ್ತದೆ. ಧ್ವನಿಗೆ ಅಡಕವೇ ಇಲ್ಲ. 24 ಬಿಟ್‌ನಲ್ಲಿ ಇದ್ದದ್ದು ಇದ್ದಂತೆ ಹೋಗುತ್ತದೆ.

ಇದೆಲ್ಲ ಸೇರಿದ ಕಟ್ಟಿಗೆ ಡಿಸಿಪಿ ಎಂದು ಹೆಸರು. ಇದು ಬೀಗ ಹಾಕಿದ ಪೆಟ್ಟಿಗೆ. ಅದರ ಕೀಲಿ ಪ್ರತ್ಯೇಕವಾಗಿ ಬರುತ್ತದೆ. ಇಂಥ ಚಿತ್ರಮಂದಿರದ ಇಂಥ ಯಂತ್ರದಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಅದು ತೆರೆಯುತ್ತದೆ. ಶುಕ್ರವಾರ ಬೆಳಗಿನ ಆಟ ಕೆಲವೊಮ್ಮೆ ತಡವಾಗುವುದು ಈ ಕೀಲಿ ತಲುಪದೆ.

ಚಿತ್ರಮಂದಿರದ ಬಹುಪಾಲು ಡಿಜಿಟಲ್ ಪ್ರೊಜೆಕ್ಟರ್‌ಗಳ ಹೃದಯ ಡಿಎಲ್‌ಪಿ ಚಿಪ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದನ್ನು ಕಂಡುಹಿಡಿದರು. 2ಕೆ ಚಿಪ್ ಒಂದರ ಮೇಲೆ 22 ಲಕ್ಷಕ್ಕೂ ಹೆಚ್ಚು ಪುಟ್ಟ ಕನ್ನಡಿಗಳಿವೆ. ಒಂದೊಂದು ಕನ್ನಡಿಯೂ ಒಂದು ಪಿಕ್ಸೆಲ್. ಅದು ಒಂದು ಕಡೆ ವಾಲಿದರೆ ಬೆಳಕು ಪರದೆಗೆ, ಇನ್ನೊಂದು ಕಡೆ ವಾಲಿದರೆ ವ್ಯರ್ಥ. ಬೂದುಬಣ್ಣ ಬೇಕೆಂದರೆ ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ಕುಣಿಯುತ್ತದೆ. ಸರಾಸರಿ ಹಾಕುವ ಕೆಲಸ ನಮ್ಮ ಕಣ್ಣಿನದು. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಚಿಪ್‌ಗಳು. ಅವು ಕೂದಲೆಳೆಯಷ್ಟು ಹೊಂದಾಣಿಕೆ ತಪ್ಪಿದರೂ ಬಿಳಿ ಅಕ್ಷರದ ಅಂಚಿನಲ್ಲಿ ಕೆಂಪೋ ಹಸಿರೋ ಇಣುಕುತ್ತದೆ. ಶೀರ್ಷಿಕೆ ಬರುವಾಗ ಗಮನಿಸಿದರೆ ಈ ದೋಷ ಯಾರಿಗೂ ಗೊತ್ತಾಗುತ್ತದೆ.

ಪರದೆ ಎಂಬ ಉಪಕರಣ

ಪರದೆಯೂ ಒಂದು ಯಂತ್ರಭಾಗವೇ. ಅದು ಬೆಳಕನ್ನು ಎಷ್ಟು ಹಿಂದಿರುಗಿಸುತ್ತದೆ, ಎತ್ತ ಹಿಂದಿರುಗಿಸುತ್ತದೆ ಎಂಬುದನ್ನು ಗೇನ್ ಎಂಬ ಅಂಕಿ ಹೇಳುತ್ತದೆ. ಗೇನ್ 1 ಇರುವ ಮ್ಯಾಟ್ ಬಿಳಿ ಪರದೆ ಎಲ್ಲ ಸೀಟಿಗೂ ಸಮನಾಗಿ ಹಂಚುತ್ತದೆ. ಗೇನ್ 2ರ ಆಸುಪಾಸಿನ ಬೆಳ್ಳಿ ಪರದೆ ನಡುವಿನವರಿಗೆ ಹೆಚ್ಚು ಕೊಟ್ಟು ಬದಿಯವರಿಂದ ಕಸಿಯುತ್ತದೆ. ಧ್ರುವೀಕೃತ ಬೆಳಕು ಬಳಸುವ 3ಡಿ ಪದ್ಧತಿಗೆ ಬೆಳ್ಳಿ ಪರದೆ ಅನಿವಾರ್ಯ. ಬಿಳಿ ಪರದೆಗೆ ಬಡಿದರೆ ಆ ಧ್ರುವೀಕರಣ ಕೆಟ್ಟು ಎರಡೂ ಕಣ್ಣಿನ ಚಿತ್ರಗಳು ಬೆರೆಯುತ್ತವೆ. ಆದರೆ ವರ್ಷದಲ್ಲಿ ಎಲ್ಲೋ ಕೆಲವು 3ಡಿ ಚಿತ್ರಗಳಿಗಾಗಿ ಹಾಕಿದ ಬೆಳ್ಳಿ ಪರದೆಯಲ್ಲೇ ಉಳಿದೆಲ್ಲ ಚಿತ್ರ ನೋಡುವಾಗ ನಡುವೆ ಬೆಳಕಿನ ಉಂಡೆ, ಅಂಚಿಗೆ ಮಬ್ಬು. ಡಿಸಿಐ ಪ್ರಕಾರ ಮೂಲೆಗಳ ಹೊಳಪು ನಡುವಿನ ಶೇ 85ರ ಆಸುಪಾಸು ಇರಬೇಕು. ಚಿತ್ರಮಂದಿರದಲ್ಲಿ ಶೇ 70ಕ್ಕಿಂತ ಇಳಿಯಬಾರದು.

ಧೂಳು, ತೇವ, ಎರಚಿದ ಕೂಲ್‌ಡ್ರಿಂಕ್ಸ್, ಮೊದಲ ದಿನದ ಅಭಿಮಾನದ ಹೂವು, ಕರ್ಪೂರದ ಹೊಗೆ, ಇವೆಲ್ಲ ಪರದೆಯ ಆಯುಷ್ಯ ತಿನ್ನುತ್ತವೆ. ಹಳದಿಯಾದ ಪರದೆಯ ಮೇಲೆ ಎಂಥ ಲೇಸರ್ ಬಿಟ್ಟರೂ ಬಿಳಿ ಬಿಳಿಯಾಗದು. ಪ್ರೊಜೆಕ್ಟರಿನ ಮುಂದಿನ ಕಿಟಕಿ ಗಾಜಿನ ಮೇಲೆ ಕೂತ ಧೂಳಿನದೂ ಇದೇ ಕತೆ. ಒಂದು ಬಟ್ಟೆಯಿಂದ ಒರೆಸಿದರೆ ಹೋಗುವ ಮಬ್ಬಿಗೆ ಹೊಸ ಬಲ್ಬು ಕೊಳ್ಳುವವರೂ ಇದ್ದಾರೆ.

ಕಪ್ಪು ಎಷ್ಟು ಕಪ್ಪು?

ಪರದೆ ಬಿಳಿ ಬಟ್ಟೆ. ಅದರ ಮೇಲೆ ಕಪ್ಪು ಬಣ್ಣ ಹಾಕುವ ಪ್ರೊಜೆಕ್ಟರ್ ಇಲ್ಲ. ಬೆಳಕಿಲ್ಲದ ಜಾಗವೇ ಕಪ್ಪು. ಹಾಗಾಗಿ ಬಾಗಿಲ ಸಂದು, ಮೆಟ್ಟಿಲ ದೀಪ, ಪಕ್ಕದವರ ಮೊಬೈಲು, ಎಲ್ಲಿಂದ ಸೋರಿದ ಬೆಳಕಾದರೂ ಮೊದಲು ತಿನ್ನುವುದು ಕಪ್ಪನ್ನು. ಪರದೆಯಿಂದ ಚಿಮ್ಮಿದ ಬೆಳಕೇ ತಿಳಿಬಣ್ಣದ ಗೋಡೆ, ಸೂರಿಗೆ ಬಡಿದು ಮತ್ತೆ ಪರದೆಗೆ ಬರುತ್ತದೆ. ಒಳ್ಳೆಯ ಸಭಾಂಗಣದ ಗೋಡೆಗಳು ಕಡುಬಣ್ಣದ ಬಟ್ಟೆ ಹೊದ್ದಿರುವುದು ಅಂದಕ್ಕಲ್ಲ. ಪೂರ್ತಿ ಬಿಳಿಗೂ ಪೂರ್ತಿ ಕಪ್ಪಿಗೂ 2000:1 ಅಂತರವಿರಬೇಕೆಂಬುದು ಡಿಸಿಐ ಗುರಿ.

ಇದನ್ನು ಮೀರುವ ಯತ್ನಗಳೂ ನಡೆದಿವೆ. ಡಾಲ್ಬಿ ಸಿನಿಮಾ ಪದ್ಧತಿಯ ಲೇಸರ್ ಪ್ರೊಜೆಕ್ಟರ್‌ಗಳು 108 ನಿಟ್ ಹೊಳಪು, ಬಹುಪಾಲು ಇದ್ದಿಲ ಕಪ್ಪು ಕೊಡುತ್ತವೆ. 2017ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಪ್ರೊಜೆಕ್ಟರೇ ಇಲ್ಲದ, ಪೂರ್ತಿ ಎಲ್‌ಇಡಿಯ ಗೋಡೆಯಂಥ ಸಿನಿಮಾ ಪರದೆ ಬಂತು. ಅಲ್ಲಿ ಕಪ್ಪೆಂದರೆ ದೀಪ ಆರಿದ ಕಪ್ಪು. ಆದರೆ ಆ ಗೋಡೆಯ ಮೂಲಕ ಸದ್ದು ಹಾಯದು. ಸ್ಪೀಕರ್‌ಗಳನ್ನು ಮೇಲಕ್ಕೋ ಪಕ್ಕಕ್ಕೋ ಸರಿಸಬೇಕಾಗುತ್ತದೆ. ಅದೇಕೆ ಸಮಸ್ಯೆ ಎಂಬುದನ್ನು ಮುಂದೆ ನೋಡೋಣ.

ಚೌಕಟ್ಟು, ಫೋಕಸ್, ಸೀಟು

ಈಗಿನ ಚಿತ್ರಗಳಿಗೆ ಎರಡು ಆಕಾರಗಳು ರೂಢಿ: ಎತ್ತರದ 1.85 ಪಟ್ಟು ಅಗಲವಿರುವ ಫ್ಲಾಟ್, 2.39 ಪಟ್ಟು ಅಗಲವಿರುವ ಸ್ಕೋಪ್. ಸ್ಕೋಪ್ ಬಂದದ್ದು 1953ರಲ್ಲಿ, 'ದ ರೋಬ್' ಚಿತ್ರದೊಂದಿಗೆ. ಫ್ರಾನ್ಸಿನ ಆನ್ರಿ ಕ್ರೆಟಿಯೆನ್ ರೂಪಿಸಿದ ಲೆನ್ಸ್ ಅಗಲದ ದೃಶ್ಯವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿಗೆ ಇಳಿಸುತ್ತಿತ್ತು. ಪ್ರೊಜೆಕ್ಟರಿನ ಲೆನ್ಸ್ ಮತ್ತೆ ಬಿಡಿಸುತ್ತಿತ್ತು. ಹಳೆಯ ಚಿತ್ರಮಂದಿರಗಳಲ್ಲಿ ಆಟಕ್ಕೆ ಮುನ್ನ ಕಪ್ಪು ಅಂಚುಬಟ್ಟೆಗಳು ಸರಿದು ಪರದೆ ಅಗಲವಾಗುವುದೇ ಒಂದು ಸಂಭ್ರಮವಾಗಿತ್ತು. ಈ ಅಂಚುಬಟ್ಟೆಗೆ ಮಾಸ್ಕಿಂಗ್ ಎನ್ನುತ್ತಾರೆ. ಅದು ಚಿತ್ರದ ಅಂಚನ್ನು ಕತ್ತರಿಸಿದಂತೆ ಚೊಕ್ಕವಾಗಿಸುತ್ತದೆ, ಕಪ್ಪನ್ನು ಇನ್ನಷ್ಟು ಕಪ್ಪಾಗಿ ಕಾಣಿಸುತ್ತದೆ. ಹೊಸ ಮಲ್ಟಿಪ್ಲೆಕ್ಸ್‌ಗಳಲ್ಲಿ ಎಷ್ಟೋ ಕಡೆ ಇದನ್ನು ಕೈಬಿಟ್ಟಿದ್ದಾರೆ. ಚಿತ್ರದ ಮೇಲೆ ಕೆಳಗೆ ಬೂದು ಪಟ್ಟಿ ಉಳಿಯುತ್ತದೆ.

ಪ್ರೊಜೆಕ್ಟರ್ ತುಂಬ ಮೇಲಿಂದ ಇಳಿಜಾರಾಗಿ ಬೆಳಕು ಬಿಟ್ಟರೆ ಚೌಕ ಗೋಪುರವಾಗುತ್ತದೆ, ಮೇಲೆ ಕಿರಿದು, ಕೆಳಗೆ ಅಗಲ. ಕ್ಯಾಬಿನ್ ಎಲ್ಲಿರಬೇಕೆಂದು ಕಟ್ಟಡದ ನಕ್ಷೆ ಬರೆಯುವಾಗಲೇ ಯೋಚಿಸಿದ್ದರೆ ಇದು ತಪ್ಪುತ್ತಿತ್ತು. ಫೋಕಸ್‌ನದು ಬೇರೆ ಪಾಡು. ತಣ್ಣಗಿನ ಲೆನ್ಸಿನಲ್ಲಿ ಸರಿಮಾಡಿದ ಫೋಕಸ್ ಯಂತ್ರ ಕಾದ ಮೇಲೆ ಜಾರಬಹುದು. ಮೊದಲ ಆಟಕ್ಕೆ ಮುನ್ನ ಒಮ್ಮೆ, ಯಂತ್ರ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಬೇಕೆಂಬುದು ಬಲ್ಲವರ ರೂಢಿ.

2ಕೆಯೋ 4ಕೆಯೋ ಎಂಬ ಚರ್ಚೆಗೆ ಉತ್ತರ ಸೀಟಿನಲ್ಲಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯೊಳಗೆ ಸುಮಾರು 60 ಬಿಂದುಗಳನ್ನು ಬೇರ್ಪಡಿಸಿ ಕಾಣಬಲ್ಲದು. ಆ ಲೆಕ್ಕದಲ್ಲಿ 2ಕೆಯ 2048 ಬಿಂದುಗಳು ಸುಮಾರು 34 ಡಿಗ್ರಿಗೆ ಸಾಕು. ಪರದೆಯ ಅಗಲದ 1.6 ಪಟ್ಟಿಗಿಂತ ದೂರ ಕೂತವರಿಗೆ 4ಕೆಯಿಂದ ಹೆಚ್ಚಿನ ಲಾಭವಿಲ್ಲ. ಅದಕ್ಕಿಂತ ಮುಂದೆ ಕೂತವರಿಗೆ ಅದು ನಿಜವಾಗಿಯೂ ಕಾಣುವ ಲಾಭ. ಗಾಂಧಿ ಕ್ಲಾಸಿನವರಿಗೇ 4ಕೆ ಹೆಚ್ಚು ಬೇಕೆಂದಾಯಿತು.

ತೂತುಗಳ ಹಿಂದಿನ ಮೂರು ಸ್ಪೀಕರ್

ಸಿನಿಮಾ ಪರದೆಯನ್ನು ಹತ್ತಿರ ಹೋಗಿ ನೋಡಿದರೆ ಮೈತುಂಬ ಸುಮಾರು ಒಂದು ಮಿಲಿಮೀಟರಿನ ತೂತುಗಳು ಕಾಣುತ್ತವೆ. ಅವುಗಳ ಹಿಂದೆ ಎಡ, ನಡು, ಬಲ ಎಂದು ಕನಿಷ್ಠ ಮೂರು ದೊಡ್ಡ ಸ್ಪೀಕರ್‌ಗಳಿವೆ. ಮಾತು ಬಹುತೇಕ ನಡುವಿನದರಿಂದಲೇ ಬರುತ್ತದೆ. ನಟನ ಬಾಯಿ ಇರುವಲ್ಲಿಂದಲೇ ದನಿ ಹೊರಡಬೇಕೆಂಬುದು ಇದರ ಉದ್ದೇಶ. ಎಲ್‌ಇಡಿ ಗೋಡೆಗೆ ತೊಡಕಾಗುವುದು ಇಲ್ಲೇ.

ಮನೆಯ ಸ್ಟೀರಿಯೋದಂತೆ ಎರಡೇ ಸ್ಪೀಕರ್ ಸಾಲದೇ? ಸರಿಯಾಗಿ ನಡುವೆ ಕೂತವರಿಗೆ ಸಾಕು. ಬಲಬದಿಯ ಸೀಟಿನವರಿಗೆ ಎಲ್ಲ ಮಾತೂ ಬಲಕ್ಕೆ ಜಾರುತ್ತದೆ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಹಾರ್ವೆ ಫ್ಲೆಚರ್ ತಂಡ ಫಿಲಡೆಲ್ಫಿಯಾದಲ್ಲಿ ನಡೆದ ವಾದ್ಯಗೋಷ್ಠಿಯನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿ ಮೂರು ಸ್ಪೀಕರ್‌ಗಳಲ್ಲಿ ಕೇಳಿಸಿತು. ದೊಡ್ಡ ಸಭೆಗೆ ನಡುವಿನ ಸ್ಪೀಕರ್ ಬೇಕೇ ಬೇಕೆಂಬ ಅರಿವು ಅಂದಿನಿಂದ ಸಿನಿಮಾಕ್ಕೂ ದಾರಿತೋರಿಸಿದೆ.

ಗೋಡೆಗಳ ಸರೌಂಡ್ ಸ್ಪೀಕರ್‌ಗಳಿಗೆ ಬೇರೊಂದು ಜಾಣ್ಮೆ ಬೇಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಪರದೆಯಿಂದ 25 ಮೀಟರ್ ದೂರ ಕೂತವರಿಗೆ ಅಲ್ಲಿನ ಸದ್ದು 73 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಮೂರು ಮೀಟರ್ ದೂರದ ಗೋಡೆಯ ಸ್ಪೀಕರ್ ಸದ್ದು 9 ಮಿಲಿಸೆಕೆಂಡಿಗೇ ಬರುತ್ತದೆ. ಮೊದಲು ಮುಟ್ಟಿದ ಸದ್ದಿನ ದಿಕ್ಕನ್ನೇ ಮೆದುಳು ನಂಬುತ್ತದೆ. ಹಾಗಾಗಿ ಗೋಡೆಯ ಸ್ಪೀಕರ್‌ಗಳನ್ನು ಬೇಕೆಂದೇ ತಡಮಾಡಿಸುತ್ತಾರೆ. ಈ ಹೊಂದಾಣಿಕೆ ತಪ್ಪಿದಲ್ಲಿ ಪರದೆಯ ನಾಯಕ ನಮ್ಮ ಕಿವಿಯ ಪಕ್ಕ ನಿಂತು ಮಾತಾಡಿದಂತಾಗುತ್ತದೆ.

ದನಿ ಬಂದ ದಾರಿ

1927ರ 'ದ ಜಾಝ್ ಸಿಂಗರ್' ಚಿತ್ರದ ಧ್ವನಿ ಇದ್ದದ್ದು ಪ್ರತ್ಯೇಕ ಗ್ರಾಮಫೋನ್ ತಟ್ಟೆಯಲ್ಲಿ. ಮುಳ್ಳು ಹಾರಿದರೆ ಮಾತಿಗೂ ತುಟಿಗೂ ಸಂಬಂಧ ತಪ್ಪುತ್ತಿತ್ತು. ಬಳಿಕ ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಅಂಕುಡೊಂಕಿನ ಪಟ್ಟಿಯಾಗಿ ಮುದ್ರಿಸಿದರು. ಬೆಳಕು ಅದರ ಮೂಲಕ ಹಾಯ್ದು ಮತ್ತೆ ಸದ್ದಾಗುತ್ತಿತ್ತು. ಆ ಪಟ್ಟಿಯ ಮೇಲೆ ಗೀರು ಬಿದ್ದರೆ ಪಟಪಟ ಸದ್ದು, ಧೂಳು ಕೂತರೆ ಸುಯ್ಯೆಂಬ ಸದ್ದು. ಸದ್ದಡಗಿಸಲು ಕೀರಲು ಕಂಪನಗಳನ್ನೇ ಕತ್ತರಿಸುತ್ತಿದ್ದುದರಿಂದ ಹಳೆಯ ಚಿತ್ರಗಳ ದನಿ ಕಂಬಳಿಯೊಳಗಿಂದ ಬಂದಂತಿರುತ್ತದೆ.

1970ರ ದಶಕದಲ್ಲಿ ಡಾಲ್ಬಿ ಕಂಪನಿಯ ಸದ್ದಡಗಿಸುವ ತಂತ್ರ ಬಂತು. ಅದೇ ಪಟ್ಟಿಯ ಜಾಗದಲ್ಲಿ ನಾಲ್ಕು ದಾರಿಯ ಸದ್ದನ್ನು ಹೆಣೆದ ಡಾಲ್ಬಿ ಸ್ಟೀರಿಯೋ 1977ರ 'ಸ್ಟಾರ್ ವಾರ್ಸ್'ನಿಂದ ಮನೆಮಾತಾಯಿತು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಡಿಜಿಟಲ್ ಧ್ವನಿಯನ್ನು ಫಿಲ್ಮಿನ ತೂತುಗಳ ನಡುವೆ ಅಡಗಿಸಿ ತಂದಿತು. 1993ರ 'ಜುರಾಸಿಕ್ ಪಾರ್ಕ್'ನ ಡಿಟಿಎಸ್ ಪದ್ಧತಿ ಮತ್ತೆ ತಟ್ಟೆಗೆ ಮರಳಿತು. ಈ ಸಲ ಸೀಡಿ. 2012ರ 'ಬ್ರೇವ್' ಚಿತ್ರದೊಂದಿಗೆ ಬಂದ ಅಟ್ಮಾಸ್‌ನಲ್ಲಿ ಸೂರಿನಲ್ಲೂ ಸ್ಪೀಕರ್‌ಗಳಿವೆ. ಅದು 'ಈ ಸದ್ದು ಈ ಸ್ಪೀಕರಿಗೆ' ಎಂದು ಕಟ್ಟಿಹಾಕುವುದಿಲ್ಲ. 'ಹೆಲಿಕಾಪ್ಟರ್ ಇಲ್ಲಿಂದ ಅಲ್ಲಿಗೆ ಹೋಗುತ್ತದೆ' ಎಂದಷ್ಟೇ ಬರೆದಿಡುತ್ತದೆ. ಯಾವ ಸ್ಪೀಕರ್ ಎಷ್ಟು ನುಡಿಯಬೇಕೆಂದು ಆ ಸಭಾಂಗಣದ ಯಂತ್ರ ಲೆಕ್ಕ ಹಾಕುತ್ತದೆ. ಇಂಥ 128 ಧ್ವನಿಗಳನ್ನು 64 ಸ್ಪೀಕರ್ ದಾರಿಗಳವರೆಗೆ ಹಂಚಬಹುದು.

ಸಭಾಂಗಣವೇ ದೊಡ್ಡ ವಾದ್ಯ

ಎಷ್ಟು ದುಬಾರಿ ಸ್ಪೀಕರ್ ತಂದರೂ ಅದು ನುಡಿಯುವುದು ಕಟ್ಟಡದೊಳಗೆ. ಕಲ್ಯಾಣ ಮಂಟಪದಲ್ಲಿ ಮೈಕ್ ಹಿಡಿದವರ ಮಾತು ಕೇಳುತ್ತದೆ, ಪದ ತಿಳಿಯುವುದಿಲ್ಲ. ಗೋಡೆಗೆ ಬಡಿದ ಹಿಂದಿನ ಪದ ಸಾಯುವ ಮುನ್ನ ಮುಂದಿನದು ಬಂದು ಕಲಸುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸ್ಯಾಬಿನ್ 19ನೇ ಶತಮಾನದ ಕೊನೆಯಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು: ಕೋಣೆ ದೊಡ್ಡದಾದಷ್ಟೂ ಅನುರಣನ ಹೆಚ್ಚು, ಸದ್ದು ಹೀರುವ ಮೈ ಹೆಚ್ಚಿದಷ್ಟೂ ಕಡಿಮೆ. ಸಿಂಫನಿ ಸಭಾಂಗಣಕ್ಕೆ ಎರಡು ಸೆಕೆಂಡ್ ಅನುರಣನ ಚೆನ್ನ. ಸಿನಿಮಾಕ್ಕೆ ಅರ್ಧ ಸೆಕೆಂಡಿನ ಆಸುಪಾಸು ಬೇಕು. ಗುಹೆಯ ಮಾರ್ದನಿಯನ್ನು ಚಿತ್ರದಲ್ಲೇ ಬೆರೆಸಿರುತ್ತಾರೆ. ಕಟ್ಟಡ ತನ್ನದನ್ನು ಸೇರಿಸಬಾರದು. ಬಟ್ಟೆ ಹೊದ್ದ ಗಾಜುಹತ್ತಿಯ ಹಲಗೆ, ನೆಲದ ಕಾರ್ಪೆಟ್, ಮೆತ್ತನೆಯ ಸೀಟು ಎಲ್ಲವೂ ಹೀರುವ ಕೆಲಸದಲ್ಲಿವೆ.

ಇನ್ನೊಂದು ಬೇಡಿಕೆ ಮೌನ. ಏರ್ ಕಂಡಿಷನರ್, ಕ್ಯಾಬಿನ್ನಿನ ಫ್ಯಾನು, ಪಕ್ಕದ ಪರದೆಯ ಸ್ಫೋಟ ಇವೆಲ್ಲ ಸೇರಿದ ಹಿನ್ನೆಲೆಯ ಸದ್ದು ಎಷ್ಟು ಕಡಿಮೆಯೋ ಪಿಸುಮಾತು ಅಷ್ಟು ಸ್ಪಷ್ಟ. ಲೂಕಾಸ್‌ಫಿಲ್ಮ್‌ನಲ್ಲಿ ಟಾಮ್ಲಿನ್ಸನ್ ಹೋಲ್ಮನ್ ರೂಪಿಸಿ 1983ರಲ್ಲಿ ಜಾರಿಗೆ ಬಂದ ಟಿಎಚ್‌ಎಕ್ಸ್ ಮುದ್ರೆ ಯಂತ್ರಗಳಷ್ಟೇ ಮುಖ್ಯವಾಗಿ ಕಟ್ಟಡವನ್ನು ಪರೀಕ್ಷಿಸಿದ್ದು ಇದಕ್ಕೇ. ಹಿನ್ನೆಲೆ ಸದ್ದು, ಗೋಡೆಯ ಗಟ್ಟಿತನ, ಅನುರಣನ, ಪರದೆಯ ಹಿಂದಿನ ಸ್ಪೀಕರ್ ಗೋಡೆ ಎಲ್ಲವೂ ಅದರ ಪಟ್ಟಿಯಲ್ಲಿದ್ದವು.

ಏಳು ಎಂಬ ಗೆರೆ

ಚಿತ್ರಮಂದಿರದ ಧ್ವನಿಯಂತ್ರದ ಮೇಲೊಂದು ಗುಂಡಿ ಇದೆ: ಫೇಡರ್. ಡಾಲ್ಬಿ ಯಂತ್ರಗಳಲ್ಲಿ ಅದು 0ಯಿಂದ 10ರವರೆಗೆ. ಮೇಲೆ ಹೇಳಿದ 85 ಡೆಸಿಬೆಲ್ ಹೊಂದಿಸುವುದು 7ರಲ್ಲಿ. ಮಿಕ್ಸಿಂಗ್ ಮಾಡಿದವರು ಕೇಳಿದ ಮಟ್ಟ ಅದೇ. ಆದರೆ ಎಷ್ಟೋ ಕಡೆ ಫೇಡರ್ 7ರಲ್ಲಿ ಇರುವುದಿಲ್ಲ. ಟ್ರೇಲರ್, ಜಾಹೀರಾತುಗಳು ಕಿವಿ ಸೀಳುವಂತಿದ್ದರೆ ಯಾರೋ ದೂರುತ್ತಾರೆ. ಮ್ಯಾನೇಜರ್ 5ಕ್ಕೆ ಇಳಿಸುತ್ತಾನೆ. ಮತ್ತೆ ಏರಿಸುವುದು ಯಾರಿಗೂ ನೆನಪಾಗುವುದಿಲ್ಲ. 7ರಿಂದ 5ಕ್ಕೆ ಇಳಿಸಿದರೆ ಸುಮಾರು 6.7 ಡೆಸಿಬೆಲ್ ಹೋಯಿತು. 4ಕ್ಕೆ ಇಳಿಸಿದರೆ 10 ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾದಂತೆ. ಸ್ಫೋಟ ಆಗಲೂ ಕೇಳಿಸುತ್ತದೆ. ಮುಳುಗುವುದು ಪಿಸುಮಾತು.

'ಡೈಲಾಗ್ ಕೇಳಿಸುತ್ತಿಲ್ಲ' ಎಂಬ ದೂರು ಬರುವುದು ಆಗ. ಇದನ್ನರಿತ ನಿರ್ಮಾಪಕರು ಮುಂದಿನ ಚಿತ್ರದ ಸದ್ದನ್ನು ಇನ್ನಷ್ಟು ಏರಿಸಿ ಮಿಕ್ಸ್ ಮಾಡಿಸುತ್ತಾರೆ, ಅದಕ್ಕೆ ಚಿತ್ರಮಂದಿರ ಫೇಡರನ್ನು ಇನ್ನಷ್ಟು ಇಳಿಸುತ್ತದೆ. ಕೊನೆಗೆ ಸದ್ದಿನ ಏರಿಳಿತವೇ ಹೋಗಿ ಎಲ್ಲವೂ ಒಂದೇ ಮಟ್ಟದ ಗದ್ದಲವಾಗುತ್ತದೆ. ಅಂಚೆಯವನೂ ಬರೆಯುವವನೂ ಒಬ್ಬರನ್ನೊಬ್ಬರು ನಂಬದಾಗ ಆಗುವ ಪಾಡು ಇದು.

ನಮ್ಮ ಟಾಕೀಸುಗಳು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಮಾತು ಬಂದ ಮೇಲೆ ಚಿತ್ರಮಂದಿರಕ್ಕೆ 'ಟಾಕೀಸು' ಎಂಬ ಹೆಸರೇ ಅಂಟಿತು. ಹಳ್ಳಿಗಳಿಗೆ ಸಿನಿಮಾ ಮುಟ್ಟಿಸಿದ್ದು ಟೂರಿಂಗ್ ಟಾಕೀಸುಗಳು. ಒಂದೇ ಪ್ರೊಜೆಕ್ಟರ್ ಇದ್ದ ಟೆಂಟುಗಳಲ್ಲಿ ರೀಲು ಬದಲಿಸಲು ಆಟ ನಿಲ್ಲುತ್ತಿತ್ತು. ಕಡಲೆಕಾಯಿ ಮಾರುವವನಿಗೆ ಅದೇ ಸುಗ್ಗಿ. ಬಟ್ಟೆಯ ಗೋಡೆಗೆ ಮಾರ್ದನಿಯ ಕಾಟವಿರಲಿಲ್ಲ, ಹೊರಗಿನ ಸದ್ದನ್ನು ತಡೆಯುವ ಶಕ್ತಿಯೂ ಇರಲಿಲ್ಲ. ಟಿನ್ ಶೀಟಿನ ಮೇಲೆ ಮಳೆ ಬಿದ್ದರೆ ಆ ಹೊತ್ತಿನ ಸಿನಿಮಾ ಮೂಕಿ.

ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಗಾಂಧಿನಗರವಿತ್ತು. 1968ರಲ್ಲಿ ಶುರುವಾದ ಕಪಾಲಿ ಚಿತ್ರಮಂದಿರ ಸಿನೆರಾಮಾ ಪದ್ಧತಿಯ ಬಾಗಿದ ಭಾರೀ ಪರದೆಗೆ ಹೆಸರಾಗಿತ್ತು. ಇಂದು ಆ ಕಟ್ಟಡವಿಲ್ಲ.

2000ದ ದಶಕದ ನಡುವಿನಿಂದ ನಮ್ಮ ಒಂಟಿ ಪರದೆಯ ಚಿತ್ರಮಂದಿರಗಳು ಡಿಜಿಟಲ್‌ಗೆ ಹೊರಳಿದವು. ಉಪಗ್ರಹದ ಮೂಲಕ ಬಂದ ಚಿತ್ರ ಸರ್ವರ್‌ನಿಂದ ಓಡತೊಡಗಿತು. ಇವುಗಳಲ್ಲಿ ಅನೇಕವು ಡಿಸಿಐ ಅಳತೆಗೆ ಕಡಿಮೆಯವು. ಆದರೂ ಬೆಂಗಳೂರಿನವರು ನೋಡಿದ ದಿನವೇ ತಾಲ್ಲೂಕಿನವರೂ 'ಮಳೆ'ಯಿಲ್ಲದ ಚಿತ್ರ ನೋಡುವಂತಾಯಿತು. ಗೀರು ಬಿದ್ದ ಪ್ರಿಂಟಿಗಾಗಿ ತಿಂಗಳು ಕಾಯುತ್ತಿದ್ದ ಊರಿಗೆ ಅದು ಸಣ್ಣ ಬದಲಾವಣೆಯಲ್ಲ.

ಕ್ಯಾಬಿನ್ನಿನಲ್ಲಿ ಯಾರಿದ್ದಾರೆ?

ಹಿಂದೆ ಫೋಕಸ್ ತಪ್ಪಿದರೆ ಸಿಳ್ಳೆ ಬೀಳುತ್ತಿತ್ತು, 'ಏಯ್ ಆಪರೇಟರ್' ಎಂಬ ಕೂಗು ಹಿಂದಿನ ಕಿಂಡಿಯತ್ತ ಹಾರುತ್ತಿತ್ತು. ಅರೆ ನಿಮಿಷದಲ್ಲಿ ಚಿತ್ರ ಸರಿಯಾಗುತ್ತಿತ್ತು. ಈಗ ಯಂತ್ರ ವೇಳಾಪಟ್ಟಿಯಂತೆ ತಾನೇ ಶುರುವಾಗುತ್ತದೆ, ತಾನೇ ದೀಪ ಆರಿಸುತ್ತದೆ. ಹತ್ತು ಪರದೆಗಳನ್ನು ಒಬ್ಬನೇ ಕಂಪ್ಯೂಟರಿನಲ್ಲಿ ನೋಡಿಕೊಳ್ಳುತ್ತಾನೆ. ಅವನ ಪರದೆ 'ಎಲ್ಲ ಸರಿ' ಎನ್ನುತ್ತಿರುವಾಗಲೇ ಸಭಾಂಗಣದಲ್ಲಿ ನಡುವಿನ ಸ್ಪೀಕರಿನ ತಾರದ ಭಾಗ ಸುಟ್ಟು, ಮಾತೆಲ್ಲ ಮಂದವಾಗಿರಬಹುದು. ಸಿಳ್ಳೆ ಹಾಕಿದರೂ ಕೇಳುವವರಿಲ್ಲ.

ನೋಡುಗರು ತಾವೇ ಗಮನಿಸಬಹುದಾದ ಸಂಗತಿಗಳು ಕೆಲವಿವೆ. ಶೀರ್ಷಿಕೆಯ ಅಕ್ಷರಗಳು ನಾಲ್ಕೂ ಮೂಲೆಗಳಲ್ಲಿ ಚೂಪಾಗಿವೆಯೇ? ಬಿಳಿಯ ಅಂಚಿನಲ್ಲಿ ಬಣ್ಣ ಇಣುಕುತ್ತಿದೆಯೇ? ಪರದೆಯ ನಡು ಮತ್ತು ಬದಿಗಳ ಹೊಳಪಿನಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆಯೇ? ರಾತ್ರಿಯ ದೃಶ್ಯದಲ್ಲಿ ಮುಖಗಳು ಕಾಣುತ್ತಿವೆಯೇ? ಮಾತು ಪರದೆಯ ನಡುವಿನಿಂದ ಬರುತ್ತಿದೆಯೇ, ಪಿಸುಮಾತು ತಿಳಿಯುತ್ತಿದೆಯೇ? ಇವುಗಳಲ್ಲಿ ಒಂದು ತಪ್ಪಿದರೂ ಮೊದಲ ಹತ್ತು ನಿಮಿಷದೊಳಗೆ ಎದ್ದುಹೋಗಿ ಹೇಳಬೇಕು. ಇಂಟರ್‌ವಲ್‌ವರೆಗೆ ಕಾದರೆ ಅರ್ಧ ಸಿನಿಮಾ ಹೋಯಿತು. 'ಚೆನ್ನಾಗಿಲ್ಲ' ಎಂದರೆ ಮ್ಯಾನೇಜರಿಗೆ ಕತೆಯ ಬಗ್ಗೆ ಹೇಳಿದಂತೆ ಕೇಳೀತು. 'ಫೇಡರ್ ಎಷ್ಟರಲ್ಲಿದೆ?' ಎಂದು ಕೇಳಿ ನೋಡಿ. ಅವರು ಕ್ಯಾಬಿನ್ನಿನ ಮೆಟ್ಟಿಲು ಹತ್ತಲೇಬೇಕಾಗುತ್ತದೆ.